ಕುನ್ ಫಯಕೂನ್: ‘ಆಯಿತು’ ಅಲ್ಲ, ‘ಆಗುತ್ತದೆ’

ಕುರ್‌ಆನ್‌ನ 36ನೇ ಸೂರಾ (ಅಧ್ಯಾಯ) ಯಾಸೀನ್‌ನಲ್ಲಿ 83 ಆಯತ್‌ಗಳು (ವಚನಗಳು) ಇವೆ. ಕೊನೆಯುಸಿರೆಳೆಯುತ್ತಿರುವವರ ಪಕ್ಕದಲ್ಲಿ ಕೂತು ಅದನ್ನು ಓದುವ ರೂಢಿ ಎಷ್ಟೋ ಮುಸ್ಲಿಂ ಮನೆಗಳಲ್ಲಿದೆ. ಇನ್ನೊಂದೇ ಆಯತ್ ಬಾಕಿ ಇರುವಾಗ, 82ರಲ್ಲಿ, ಈ ಮಾತು ಬರುತ್ತದೆ: ಅಲ್ಲಾಹನು ಏನನ್ನಾದರೂ ಇಚ್ಛಿಸಿದರೆ ಅದಕ್ಕೆ ‘ಆಗು’ ಎನ್ನುವುದಷ್ಟೇ, ಅದು ಆಗುತ್ತದೆ. ಅರಬಿಯಲ್ಲಿ ‘ಕುನ್ ಫಯಕೂನ್’.

ಬಿಡಿಸಿದರೆ ಮೂರು ತುಂಡು. ‘ಕುನ್’ ಎಂದರೆ ಆಗು, ಇರು. ‘ಫ’ ಎಂದರೆ ಕೂಡಲೇ, ಹಾಗಾಗಿ. ‘ಯಕೂನ್’ ಎಂದರೆ ಆಗುತ್ತದೆ. ಮೂಲ ಧಾತು ಕಾಫ್-ವಾವ್-ನೂನ್ ಎಂಬ ಮೂರು ಅರಬಿ ಅಕ್ಷರಗಳು. ವಿಶ್ವ ಎಂಬರ್ಥದ ‘ಕೌನ್’, ಉರ್ದುವಿನ ‘ಕಾಯನಾತ್’, ನಮಗೆಲ್ಲ ಪರಿಚಿತವಾದ ‘ಮಕಾನ್’ ಎಲ್ಲವೂ ಇದೇ ಧಾತುವಿನ ಕುಡಿಗಳು.

ಜನ ಹೆಚ್ಚಾಗಿ ಎಡವುವುದು ಮೂರನೆಯ ತುಂಡಿನಲ್ಲಿ. ‘ಆಗು ಎಂದ, ಆಯಿತು’ ಎಂದು ಹೇಳಿ ಮುಗಿಸಿಬಿಡುತ್ತಾರೆ. ‘ಆಯಿತು’ ಎನ್ನಲು ಅರಬಿಯಲ್ಲಿ ‘ಕಾನ’ ಎಂಬ ಭೂತಕಾಲದ ರೂಪವೇ ಇದೆ, ಆಯತ್‌ನಲ್ಲಿರುವುದು ಅದಲ್ಲ. ‘ಯಕೂನ್’ ಈಗ ನಡೆಯುವುದಕ್ಕೂ ಮುಂದೆ ನಡೆಯುವುದಕ್ಕೂ ಸಲ್ಲುವ ರೂಪ. ಕನ್ನಡದ ‘ಆಗುತ್ತದೆ’ ಇದನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದಮನನ್ನು ಮಣ್ಣಿನಿಂದ ಸೃಷ್ಟಿಸಿದ್ದನ್ನು ಹೇಳುವ 3:59ರಲ್ಲಿ (3ನೇ ಸೂರಾ, 59ನೇ ಆಯತ್) ನಡೆದುಹೋದ ಸಂಗತಿಯ ಮಾತಿದೆ. ಅಲ್ಲೂ ‘ಕಾನ’ ಇಲ್ಲ, ‘ಯಕೂನ್’ ಇದೆ.

ಕುರ್‌ಆನ್‌ನಲ್ಲಿ ಈ ಪದಪುಂಜ ಬರುವುದು 8 ಸಲ. ಅದರಲ್ಲಿ ಆಕಾಶ-ಭೂಮಿಗಳ ಹುಟ್ಟಿಗೇ ನೇರವಾಗಿ ತಾಗಿಕೊಂಡಿರುವುದು 2:117. ಮಾದರಿಯೇ ಇಲ್ಲದೆ ಹೊಸದಾಗಿ ಉಂಟುಮಾಡುವವನು ಎಂಬರ್ಥದ ‘ಬದೀಅ್’ ಎಂಬ ಹೆಸರೂ ಅಲ್ಲೇ ಇದೆ. ಉಳಿದ ಕಡೆ ಪ್ರಸಂಗಗಳು ಬೇರೆ: ತಂದೆಯಿಲ್ಲದೆ ಈಸಾ (ಯೇಸು) ಹುಟ್ಟಿದ್ದು (3:47, 19:35), ಸತ್ತವರನ್ನು ಮತ್ತೆ ಎಬ್ಬಿಸುವುದು (16:40, 36:82), ಜೀವ ಕೊಡುವುದು ತೆಗೆಯುವುದು (40:68). ಹಾಗಾಗಿ ಇದನ್ನು ಎಂದೋ ಒಮ್ಮೆ ಸಂಭವಿಸಿದ ಸ್ಫೋಟದ ವರ್ಣನೆ ಎಂದು ಓದುವುದು ಪದಕ್ಕೂ ಪ್ರಸಂಗಕ್ಕೂ ಹೊಂದುವುದಿಲ್ಲ. ಆಜ್ಞೆ ಇಂದಿಗೂ ಜಾರಿಯಲ್ಲಿದೆ ಎಂಬುದೇ ಇದರ ಹುರುಳು.

‘ಆಗು ಎಂದರೆ ಸಾಕಾದ ಮೇಲೆ ಆರು ದಿನ ಏಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 7:54 ಸೇರಿ ಹಲವು ಕಡೆ ಆಕಾಶ-ಭೂಮಿ ಆರು ದಿನಗಳಲ್ಲಿ ಸೃಷ್ಟಿಯಾದವು ಎಂದಿದೆ. ‘ಕುನ್’ ಹೇಳುವುದು ಅಡ್ಡಿಯಿಲ್ಲದ ಶಕ್ತಿಯನ್ನು, ಗಡಿಯಾರದ ವೇಗವನ್ನಲ್ಲ. ‘ದಿನ’ ಎಂಬ ಪದವೂ 24 ಗಂಟೆಗೆ ಕಟ್ಟುಬಿದ್ದಿಲ್ಲ: 22:47ರಲ್ಲಿ ಒಂದು ದಿನ ಸಾವಿರ ವರ್ಷದಂತೆ, 70:4ರಲ್ಲಿ 50,000 ವರ್ಷ. 41:9-12ರ ಲೆಕ್ಕ ಇನ್ನೊಂದು ತೊಡಕು. ಭೂಮಿಗೆ 2, ಬೆಟ್ಟ ಮತ್ತು ಆಹಾರಕ್ಕೆ 4, ಆಕಾಶಗಳಿಗೆ 2. ಸುಮ್ಮನೆ ಕೂಡಿದರೆ 8! ವ್ಯಾಖ್ಯಾನಕಾರರು ಮೊದಲ ಎರಡನ್ನು ಆ ನಾಲ್ಕರೊಳಗೇ ಎಣಿಸುತ್ತಾರೆ. ಬಸ್ರಾದಿಂದ ಬಾಗ್ದಾದಿಗೆ 10 ದಿನ, ಅದನ್ನು ಹಾಯ್ದು ಕೂಫಾಕ್ಕೆ 15 ದಿನ ಎಂದರೆ ಒಟ್ಟು 25 ದಿನ ಎಂದು ಯಾರೂ ತಿಳಿಯುವುದಿಲ್ಲವಲ್ಲ, ಹಾಗೆ.

ನಿಜಕ್ಕೂ ಆಳವಾದ ಪ್ರಶ್ನೆ ಬೇರೆಯೇ ಇದೆ: ‘ಆಗು’ ಎಂದದ್ದು ಯಾರಿಗೆ? ಇಲ್ಲದ ವಸ್ತು ಆಜ್ಞೆ ಕೇಳಿಸಿಕೊಳ್ಳದು; ಇರುವ ವಸ್ತುವಿಗೆ ಆಜ್ಞೆ ಬೇಡ. ತರ್ಕಕ್ಕೆ ಒತ್ತುಕೊಟ್ಟ ಮುಅ್‌ತಝಿಲಾ ಪಂಥದ ವ್ಯಾಖ್ಯಾನಕಾರ ಝಮಖ್ಶರೀ ಇದನ್ನು ರೂಪಕ ಎಂದರು. ಮಾತಿಗೆ ಮುಂಚೆ ಕೆಲಸ ನಡೆದುಹೋಗುವಷ್ಟು ಸಲೀಸು ಎಂಬುದರ ಚಿತ್ರ. ಅವರಿಗಿಂತ ಮೊದಲೇ, 10ನೇ ಶತಮಾನದ ಧರ್ಮಶಾಸ್ತ್ರಜ್ಞ ಅಶ್‌ಅರೀ ಇಂಥ ಓದನ್ನು ಒಪ್ಪಿರಲಿಲ್ಲ. ‘ಕುನ್’ ದೇವರ ನಿಜವಾದ, ಅನಾದಿಯಾದ ಮಾತು ಎಂಬುದು ಅವರ ನಿಲುವು. ಆ ಮಾತೇ ಸೃಷ್ಟಿಯಾದದ್ದಾದರೆ ಅದನ್ನು ಸೃಷ್ಟಿಸಲು ಇನ್ನೊಂದು ‘ಕುನ್’ ಬೇಕು, ಅದಕ್ಕೆ ಮತ್ತೊಂದು. ಸರಣಿ ಮುಗಿಯದೆ ಏನೂ ಹುಟ್ಟುತ್ತಲೇ ಇರಲಿಲ್ಲ. ಸೂಫಿ ಚಿಂತಕ ಇಬ್ನ್ ಅರಬೀ ಇನ್ನೊಂದು ದಾರಿ ಹಿಡಿದರು: ವಸ್ತುಗಳು ಹೊರಗೆ ಇಲ್ಲದಿದ್ದರೂ ದೇವರ ಅರಿವಿನಲ್ಲಿ ಇದ್ದೇ ಇವೆ, ಕೇಳಿಸಿಕೊಳ್ಳುವುದು ಅವೇ.

ಶೂನ್ಯದಿಂದ ಸೃಷ್ಟಿ ಎಂಬುದೂ ಜಗಳವಿಲ್ಲದೆ ನೆಲೆನಿಂತದ್ದಲ್ಲ. ಜಗತ್ತು ಅನಾದಿ ಎಂಬ ತತ್ತ್ವಜ್ಞಾನಿಗಳ ವಾದವನ್ನು 1095ರ ಹೊತ್ತಿಗೆ ಧರ್ಮಶಾಸ್ತ್ರಜ್ಞ ಗಝಾಲೀ ಖಂಡಿಸಿದರು; ಅವರು ಎತ್ತಿದ 20 ಪ್ರಶ್ನೆಗಳಲ್ಲಿ ಮೊದಲನೆಯದೇ ಅದು. ಮುಂದಿನ ಶತಮಾನದಲ್ಲಿ ತತ್ತ್ವಜ್ಞಾನಿ ಇಬ್ನ್ ರುಶ್ದ್ ಉತ್ತರ ಕೊಟ್ಟದ್ದು ಕುರ್‌ಆನ್ ಇಟ್ಟುಕೊಂಡೇ. ಸೃಷ್ಟಿಗೆ ಮುಂಚೆ ‘ಅವನ ಅರ್ಶ್ (ಸಿಂಹಾಸನ) ನೀರಿನ ಮೇಲಿತ್ತು’ (11:7), ಆಕಾಶ ಆಗ ‘ಹೊಗೆಯಾಗಿತ್ತು’ (41:11): ಅಕ್ಷರಶಃ ಓದಿದರೆ ಬರಿಯ ಶೂನ್ಯ ಎಲ್ಲಿದೆ ಎಂದು ಅವರು ಕೇಳಿದರು. ಆ ನೀರು, ಆ ಹೊಗೆ ಕೂಡ ಒಂದು ‘ಕುನ್’ನಿಂದಲೇ ಆದವು ಎಂಬುದು ಕಲಾಮ್ (ಇಸ್ಲಾಮಿನ ತಾರ್ಕಿಕ ಧರ್ಮಶಾಸ್ತ್ರ) ಪಂಡಿತರ ಉತ್ತರ.