‘ಮಾರ್ಜಿನ್ ಕಾಲ್’: ನಷ್ಟವೇ ಆಗದೆ ಅಷ್ಟು ಗಾಬರಿ ಯಾಕೆ?

ಓದುಗರ ಪ್ರಶ್ನೆ: ‘ಮಾರ್ಜಿನ್ ಕಾಲ್’ ಸಿನಿಮಾ ಎರಡು ಸಲ ನೋಡಿದೆ. ಬ್ಯಾಂಕಿನ ಅಪಾಯದ ಲೆಕ್ಕ ನೋಡುವ ಪೀಟರ್ ಸಲ್ಲಿವನ್ ಕಂಪ್ಯೂಟರಿನಲ್ಲಿ ಕಂಡದ್ದೇನು ಅಂತ ಈಗಲೂ ಹೊಳೆದಿಲ್ಲ. ನಷ್ಟ ಇನ್ನೂ ಆಗಿಯೇ ಇಲ್ಲವಲ್ಲ, ಬೆಳಗಾಗುತ್ತಲೇ ಎಲ್ಲವನ್ನೂ ಮಾರುವ ಧಾವಂತ ಯಾಕೆ?

ಉತ್ತರ: ಜೆ.ಸಿ. ಚಾಂಡರ್ ನಿರ್ದೇಶಿಸಿದ 2011ರ ಈ ಚಿತ್ರ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ.

ಸ್ವಂತ ಹಣ 3 ಕೋಟಿ, ಸಾಲ 87 ಕೋಟಿ, ಎರಡೂ ಸೇರಿಸಿ 90 ಕೋಟಿಯ ಸರಕು ಕೊಂಡಿದ್ದೀರಿ ಅನ್ನಿ. ಸರಕಿನ ಬೆಲೆ ಶೇ 3.4ರಷ್ಟು ಇಳಿದರೆ ಸಾಕು, ನಿಮ್ಮ 3 ಕೋಟಿ ಪೂರ್ತಿ ಹೋಯಿತು. ಇದು ಉತ್ಪ್ರೇಕ್ಷೆಯಲ್ಲ, 2007ರ ಕೊನೆಗೆ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಸ್ವಂತ ಬಂಡವಾಳದ ಸುಮಾರು 30 ಪಟ್ಟು ಆಸ್ತಿ ಹೊತ್ತು ಕೂತಿತ್ತು. ಸಿನಿಮಾದ ಬ್ಯಾಂಕಿನ ಕೈಯಲ್ಲಿದ್ದ ಸರಕು ಎಂಬಿಎಸ್, ಅಂದರೆ ನೂರಾರು ಮನೆಸಾಲಗಳನ್ನು ಒಂದು ಮೂಟೆ ಕಟ್ಟಿ ಮಾರುವ ಸಾಲಪತ್ರ. ಬೇರೆ ಬೇರೆ ರೇಟಿಂಗಿನ, ಅಂದರೆ ಸಾಲ ಮರಳುವ ಭರವಸೆಯ ದರ್ಜೆಯ, ಪದರಗಳನ್ನು ಜೋಡಿಸಿ ಮೂಟೆ ಕಟ್ಟಲು ಒಂದು ತಿಂಗಳಾದರೂ ಬೇಕು. ಅಷ್ಟು ದಿನ ಸರಕು ಬ್ಯಾಂಕಿನ ಪುಸ್ತಕದಲ್ಲೇ ಇರುತ್ತದೆ. ಅಪಾಯ ಕೂತಿದ್ದು ಅಲ್ಲೇ.

ಬೆಲೆ ದಿನಕ್ಕೆ ಎಷ್ಟು ಏರಿಳಿಯಬಹುದು ಅನ್ನುವುದಕ್ಕೆ ಬ್ಯಾಂಕು ಒಂದು ಮಿತಿ ಹಾಕಿಕೊಂಡಿರುತ್ತದೆ. ಆ ಮಿತಿ ಹುಟ್ಟುವುದು ಹಿಂದಿನ ವರ್ಷಗಳ ಅಂಕಿಗಳಿಂದ. ಮನೆ ಬೆಲೆ ಏರುತ್ತಲೇ ಇದ್ದ ಕಾಲದ ಅಂಕಿ ಹಾಕಿದರೆ ಮಿತಿ ಸುರಕ್ಷಿತವಾಗಿಯೇ ಕಾಣುತ್ತದೆ. ಕೆಲಸ ಕಳೆದುಕೊಂಡ ಮೇಲಧಿಕಾರಿ ಎರಿಕ್ ಡೇಲ್ ಅರ್ಧಕ್ಕೆ ಬಿಟ್ಟ ಲೆಕ್ಕದ ಮಾದರಿಯನ್ನು ಪೂರ್ತಿ ಮಾಡಿದಾಗ ಪೀಟರ್‌ಗೆ ಕಂಡದ್ದು ಎರಡು ಸಂಗತಿ: ಈ ಸರಕಿನ ಬೆಲೆ ಶೇ 25ರಷ್ಟು ಬಿದ್ದರೆ ನಷ್ಟ ಇಡೀ ಕಂಪನಿಯ ಮಾರುಕಟ್ಟೆ ಮೌಲ್ಯವನ್ನೇ ಮೀರುತ್ತದೆ, ಕಳೆದ ಎರಡು ವಾರಗಳಲ್ಲಿ ಏರಿಳಿತ ಆಗಲೇ ಬ್ಯಾಂಕು ಹಾಕಿಕೊಂಡ ಮಿತಿ ದಾಟಿದೆ. ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡನೆಯದರಲ್ಲಿದೆ.

ಇನ್ನು ಧಾವಂತದ ವಿಷಯ. ಆಗಿನ ಹೂಡಿಕೆ ಬ್ಯಾಂಕುಗಳು ಇಂಥ ಪತ್ರಗಳನ್ನೇ ಅಡವಿಟ್ಟು, ಬಹುಪಾಲು ಒಂದು ರಾತ್ರಿಯಿಂದ ಕೆಲವು ವಾರಗಳ ಅವಧಿಗೆ ಸಾಲ ಎತ್ತುತ್ತಿದ್ದವು. ಚಿನ್ನ ಅಡವಿಟ್ಟವರಿಗೆ ಇದರ ಬಿಸಿ ಗೊತ್ತು: ಚಿನ್ನದ ಬೆಲೆ ಬಿದ್ದರೆ ‘ಇನ್ನಷ್ಟು ಒಡವೆ ಇಡಿ, ಇಲ್ಲವೇ ಹಣ ಕಟ್ಟಿ’ ಅಂತ ಫೋನ್ ಬರುತ್ತದೆ. ಆ ಫೋನೇ ಮಾರ್ಜಿನ್ ಕಾಲ್. ತಮಾಷೆಯೆಂದರೆ ಸಿನಿಮಾದಲ್ಲಿ ಅದು ಬರುವುದೇ ಇಲ್ಲ! ರಾತ್ರಿಯಿಡೀ ನಡೆಯುವ ಓಡಾಟವೆಲ್ಲ ಅದು ಬರುವುದಕ್ಕೆ ಮುಂಚೆ ಕೈತೊಳೆದುಕೊಳ್ಳುವುದಕ್ಕೆ.

ಎಲ್ಲರಿಗೂ ಸುದ್ದಿ ಗೊತ್ತಾದ ಮೇಲೆ ಕೊಳ್ಳುವವರೇ ಇರುವುದಿಲ್ಲ. ಮೊದಲು ಮಾರಿದವನಿಗೆ ಮಾತ್ರ ಬೆಲೆ, ಅದೂ ಪ್ರತಿ ವಹಿವಾಟಿಗೂ ಇಳಿಯುತ್ತ ಹೋಗುತ್ತದೆ. ಕೊಳ್ಳುವವರು ದಿನನಿತ್ಯದ ಗಿರಾಕಿಗಳೇ ಆದ್ದರಿಂದ ಮಾರಿದವನನ್ನು ನಾಳೆ ಯಾರೂ ನಂಬುವುದಿಲ್ಲ. ಮಾರಾಟದ ತಂಡದ ಮುಖ್ಯಸ್ಥ ಸ್ಯಾಮ್ ರೋಜರ್ಸ್ ತಕರಾರು ತೆಗೆಯುವುದು ಇದಕ್ಕೇ. ತನ್ನ ಪಾಲಿನ ಸರಕಿನಲ್ಲಿ ಶೇ 93 ಖಾಲಿ ಮಾಡಿದ ಟ್ರೇಡರ್‌ಗೆ 14 ಲಕ್ಷ ಡಾಲರ್ ಬೋನಸ್ ಘೋಷಿಸುವುದರ ಅರ್ಥವೂ ಅದೇ: ಇದು ಅವರ ವೃತ್ತಿಗೆ ಕೊಡುವ ಬೆಲೆ.

ಸಿನಿಮಾದ ಬ್ಯಾಂಕಿನ ಮುಖ್ಯಸ್ಥ ಜಾನ್ ಟುಲ್ಡ್ ಹೆಸರು ಲೇಮನ್‌ನ ಮುಖ್ಯಸ್ಥರಾಗಿದ್ದ ರಿಚರ್ಡ್ ಫುಲ್ಡ್ ಅವರನ್ನು ನೆನಪಿಸುತ್ತದೆ. ಆದರೆ ಲೇಮನ್ ಹೀಗೆ ಮೊದಲೇ ಮಾರಿ ಪಾರಾಗಲಿಲ್ಲ. ಸರಕು ಹೊತ್ತುಕೊಂಡೇ ಇದ್ದು 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿತು.