ಭಾರ ಹಂಚುವ ಹಿಚ್: ಹಿಂಭಾಗ ಕುಸಿದಾಗ ಮುಂದಿನ ಚಕ್ರದ ಲೆಕ್ಕ

ಭಾರವಾದ ಟ್ರೇಲರೊಂದನ್ನು ಎಸ್‌ಯುವಿ ಅಥವಾ ಪಿಕಪ್ ವಾಹನದ ಹಿಂದೆ ಜೋಡಿಸಿದಾಗ ಎಲ್ಲರ ಕಣ್ಣಿಗೆ ಬೀಳುವುದು ಅದರ ಕುಸಿದ ಹಿಂಭಾಗ. ಆದರೆ ನಿಜವಾದ ತೊಂದರೆ ಇರುವುದು ಮುಂಭಾಗದಲ್ಲಿ. ಹಿಂದಿನ ಚಕ್ರಗಳೇ ಆಧಾರಬಿಂದುವಾಗಿ, ಅವುಗಳ ಹಿಂದೆ ಚಾಚಿಕೊಂಡ ಹಿಚ್‌ನ, ಅಂದರೆ ಟ್ರೇಲರನ್ನು ಜೋಡಿಸುವ ಸಾಧನದ, ಮೇಲೆ ಭಾರ ಬಿದ್ದ ಕೂಡಲೇ ಇಡೀ ವಾಹನ ಒಂದು ಸನ್ನೆಯಂತೆ ವರ್ತಿಸುತ್ತದೆ. ಹಿಂದೆ ಒತ್ತಿದ್ದು ಮುಂದೆ ಎತ್ತುತ್ತದೆ. ದಿಕ್ಕು ಬದಲಿಸುವ, ಬ್ರೇಕಿನ ಹೆಚ್ಚಿನ ಪಾಲನ್ನು ಹೊರುವ ಚಕ್ರಗಳೇ ಹೀಗೆ ಹಗುರವಾಗುತ್ತವೆ. ರಾತ್ರಿಯ ಹೊತ್ತು ಹೆಡ್‌ಲೈಟ್‌ನ ಬೆಳಕು ಮೇಲೆದ್ದು ಎದುರಿನಿಂದ ಬರುವವರ ಕಣ್ಣು ಕುಕ್ಕುವುದೂ ಇದೇ ಕಾರಣಕ್ಕೆ.

ಎಷ್ಟು ಹಗುರವಾಗುತ್ತವೆ ಎಂಬುದನ್ನು ಶಾಲೆಯ ಗಣಿತದಲ್ಲೇ ಲೆಕ್ಕ ಹಾಕಬಹುದು. ವಾಹನದ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್‌ನ ಗುಂಡಿನವರೆಗಿನ (ಟ್ರೇಲರ್ ಕೂರುವ ಉಕ್ಕಿನ ಚೆಂಡಿನವರೆಗಿನ) ದೂರ 1.2 ಮೀಟರ್, ಟ್ರೇಲರಿನ ಒಟ್ಟು ತೂಕ 2,500 ಕಿಲೋ, ಅದರ ಮೂತಿ, ಅಂದರೆ ಮುಂತುದಿ, ಗುಂಡಿನ ಮೇಲೆ ಹೇರುವ ಭಾರ 300 ಕಿಲೋ ಎಂದಿಟ್ಟುಕೊಳ್ಳೋಣ. 300ನ್ನು 1.2ರಿಂದ ಗುಣಿಸಿ 3ರಿಂದ ಭಾಗಿಸಿದರೆ 120. ಅಂದರೆ ಮುಂದಿನ ಆಕ್ಸಲ್ 120 ಕಿಲೋ ಕಳೆದುಕೊಳ್ಳುತ್ತದೆ. ಹಿಂದಿನದು ಮೂತಿಯ 300 ಕಿಲೋ ಜೊತೆಗೆ ಮುಂದೆ ಕಳೆದುಹೋದ 120 ಕಿಲೋವನ್ನೂ ಸೇರಿಸಿಕೊಂಡು 420 ಕಿಲೋ ಹೊರುತ್ತದೆ. ಮೂತಿಭಾರ ಮುನ್ನೂರೇ ಇದ್ದರೂ ಹಿಂದಿನ ಟೈರುಗಳಿಗೆ ಮತ್ತು ಸ್ಪ್ರಿಂಗ್‌ಗಳಿಗೆ ಅದು ನಾನೂರಿಪ್ಪತ್ತಾಗಿ ಬೀಳುತ್ತದೆ.

ಹಾಗಾದರೆ ಸಾಮಾನನ್ನು ಟ್ರೇಲರಿನ ಹಿಂದಕ್ಕೆ ಸರಿಸಿ ಮೂತಿಭಾರವನ್ನೇ ಇಳಿಸಿಬಿಡಬಹುದಲ್ಲವೇ ಎಂದು ಅನ್ನಿಸುವುದು ಸಹಜ. ಅದು ಅಪಾಯದ ದಾರಿ. ಭಾರಕೇಂದ್ರವು ಟ್ರೇಲರಿನ ಆಕ್ಸಲ್‌ಗಿಂತ ಸಾಕಷ್ಟು ಮುಂದೆ ಇದ್ದರೆ ಮಾತ್ರ ವೇಗ ಹೆಚ್ಚಿದಾಗ ಟ್ರೇಲರ್ ಅತ್ತಿತ್ತ ಓಲಾಡದೆ ಹಿಂಬಾಲಿಸುತ್ತದೆ. ಅದಕ್ಕಾಗಿಯೇ ಇಂಥ ಹಿಚ್‌ಗಳು ಹೆಚ್ಚಾಗಿ ಬಳಕೆಯಲ್ಲಿರುವ ಉತ್ತರ ಅಮೆರಿಕದಲ್ಲಿ, ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿಯ ಮೇಲಿರಬೇಕು ಎಂಬ ನಿಯಮ ರೂಢಿಯಲ್ಲಿದೆ. ಯುರೋಪಿನ ಹಗುರವಾದ ಕಾರವಾನ್‌ಗಳಲ್ಲಿ ಮೂತಿಭಾರವನ್ನು ಸಾಮಾನ್ಯವಾಗಿ 100 ಕಿಲೋ ಆಸುಪಾಸಿನಲ್ಲೇ ಮಿತಗೊಳಿಸುವುದರಿಂದ ಅಲ್ಲಿ ಈ ಸಾಧನದ ಮಾತೇ ಅಪರೂಪ. ಭಾರ ಮೂತಿಯ ಮೇಲೆ ಇರಲೇಬೇಕು, ಆದರೆ ಅದು ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳಬಾರದು ಎಂಬ ಇಕ್ಕಟ್ಟಿಗೆ ಎಂಜಿನಿಯರುಗಳು ಕಂಡುಕೊಂಡ ಉತ್ತರವೇ ಭಾರ ಹಂಚುವ ಹಿಚ್.

ಅದರ ರಚನೆ ಸರಳ. ವಾಹನದ ಅಡಿಯಲ್ಲಿರುವ ರಿಸೀವರ್ ಎಂಬ ಚೌಕ ಕೊಳವೆಗೆ ಗಟ್ಟಿಯಾದ ಉಕ್ಕಿನ ದಂಡ ಸೇರುತ್ತದೆ. ದಂಡದ ತುದಿಯಲ್ಲಿ ಗುಂಡನ್ನು ಹೊತ್ತ ಹಿಚ್‌ನ ತಲೆ ಇರುತ್ತದೆ. ಈ ತಲೆಯಿಂದ ಎರಡು ಸ್ಪ್ರಿಂಗ್ ಬಾರ್‌ಗಳು ಟ್ರೇಲರಿನ ಚೌಕಟ್ಟಿನ ಕೆಳಗೆ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ಹಿಂತುದಿಯನ್ನು ಸರಪಳಿಯ ಮೂಲಕ ಮೇಲಕ್ಕೆಳೆದು ಚೌಕಟ್ಟಿಗೆ ಬಿಗಿದಿರುವ ಬ್ರಾಕೆಟ್‌ಗೆ ಸಿಕ್ಕಿಸಿದಾಗ ಬಾರ್‌ಗಳು ಬಿಲ್ಲಿನಂತೆ ಬಾಗುತ್ತವೆ. ಬಾಗಿದ ಬಾರ್ ನೇರವಾಗಲು ಹವಣಿಸುತ್ತ ಟ್ರೇಲರಿನ ಚೌಕಟ್ಟನ್ನು ಕೆಳಕ್ಕೆಳೆಯುತ್ತದೆ. ಅದೇ ಹೊತ್ತಿಗೆ ಹಿಚ್‌ನ ತಲೆಯನ್ನು ಮುಂದಕ್ಕೆ ತಿರುಚಿ ವಾಹನದ ಹಿಂಭಾಗವನ್ನು ಎತ್ತುತ್ತದೆ, ಮುಂಭಾಗವನ್ನು ನೆಲಕ್ಕೆ ಒತ್ತುತ್ತದೆ. ಪಕ್ಕಕ್ಕೆ ತಿರುಗಲು ಗುಂಡು ಎಂದಿನಂತೆ ಅವಕಾಶ ಕೊಡುತ್ತದೆ, ಮೇಲೆ ಕೆಳಗೆ ಬಾಗುವುದಕ್ಕೆ ಮಾತ್ರ ಬಾರ್‌ಗಳ ಪ್ರತಿರೋಧವಿರುತ್ತದೆ.

ಮೇಲಿನ ಉದಾಹರಣೆಯಲ್ಲಿ ಗುಂಡಿನಿಂದ ಟ್ರೇಲರಿನ ಆಕ್ಸಲ್‌ಗೆ 5 ಮೀಟರ್ ದೂರ ಎಂದುಕೊಂಡು, ಮುಂದಿನ ಆಕ್ಸಲ್ ಕಳೆದುಕೊಂಡ 120 ಕಿಲೋವನ್ನೂ ಮರಳಿಸಬೇಕೆಂದರೆ ಮೂತಿಭಾರದ ಸುಮಾರು 242 ಕಿಲೋ ಹಿಂದಿನ ಆಕ್ಸಲ್‌ನಲ್ಲೇ ಉಳಿದು, ಮಿಕ್ಕ 58 ಕಿಲೋ ಟ್ರೇಲರಿನ ಆಕ್ಸಲ್‌ಗೆ ಮರಳುತ್ತದೆ. ಬಾರ್‌ಗಳ ಉದ್ದ 75 ಸೆಂಟಿಮೀಟರ್ ಇದ್ದರೆ ಇದಕ್ಕಾಗಿ ಪ್ರತಿ ಸರಪಳಿಯಲ್ಲಿ ಸುಮಾರು 190 ಕಿಲೋ ಸೆಳೆತ ಇರಬೇಕಾಗುತ್ತದೆ. ಈ ಕೊನೆಯ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಬ್ರಾಕೆಟ್‌ನ ಹಿಡಿಕೆ ಕೈತಪ್ಪಿ ಹಿಂದಕ್ಕೆ ಬಡಿದರೆ ಮೂಳೆ ಮುರಿಯುವುದು ಈ ಬಲದಿಂದಲೇ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ನಿವಾರಿಸಬೇಕು. ಹಿಚ್ ಭಾರವನ್ನು ಹಂಚುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ, ಆದ್ದರಿಂದ ವಾಹನ ತಯಾರಕರು ನಿಗದಿಪಡಿಸಿದ ಎಳೆಯುವ ಸಾಮರ್ಥ್ಯವನ್ನಾಗಲಿ ಆಕ್ಸಲ್ ಮತ್ತು ಟೈರುಗಳ ಮಿತಿಯನ್ನಾಗಲಿ ಅದು ಹೆಚ್ಚಿಸದು. ಹಾಗೆಯೇ ಬಾರ್‌ಗಳನ್ನು ಬಿಗಿದ ಮಾತ್ರಕ್ಕೆ ಟ್ರೇಲರಿನ ಭಾರಕೇಂದ್ರ ಸ್ಥಳ ಬದಲಿಸುವುದಿಲ್ಲ. ಸಾಮಾನನ್ನು ಹಿಂದಕ್ಕೆ ಹೇರಿದ ಟ್ರೇಲರಿನ ಓಲಾಟವನ್ನು ಭಾರ ಹಂಚಿಕೆ ಗುಣಪಡಿಸುವುದಿಲ್ಲ. ಓಲಾಟವನ್ನು ಅದುಮಲು ಘರ್ಷಣೆಯಿಂದ ಕೆಲಸ ಮಾಡುವ ಬೇರೆ ಏರ್ಪಾಡು ಬೇಕು. ಅದು ಪ್ರತ್ಯೇಕ ದಂಡವಾಗಿಯೋ ಹಿಚ್‌ನೊಳಗೇ ಅಡಕವಾಗಿಯೋ ಬರುತ್ತದೆ.

ಮುಂದಿನ ಆಕ್ಸಲ್‌ಗೆ ಎಷ್ಟು ಭಾರವನ್ನು ಮರಳಿಸಬೇಕು ಎಂಬುದು ಈ ವಿಷಯದ ತಿರುಳು. ಹಿಂದೆಲ್ಲ ವಾಹನ ಮುಂದೂ ಹಿಂದೂ ಸಮನಾಗಿ ಕುಸಿದರೆ ಸರಿ ಎನ್ನುತ್ತಿದ್ದರು. ಹಾಗೆ ಕುಸಿಯಬೇಕಾದರೆ ಮುಂದಿನ ಚಕ್ರಗಳ ಮೇಲೆ ಮೊದಲಿದ್ದುದಕ್ಕಿಂತ ಹೆಚ್ಚು ಭಾರ ಬೀಳಬೇಕು. ನೋಡಲು ಚೆಂದ, ಓಡಿಸಲು ಅಲ್ಲ. ತಿರುವಿನಲ್ಲಿ ಟ್ರೇಲರ್ ಪಕ್ಕಕ್ಕೆ ದೂಡುವುದನ್ನು ತಡೆಯುವುದು ಹಿಂದಿನ ಟೈರುಗಳು. ಅವುಗಳ ಮೇಲಿನ ಭಾರವನ್ನು ಅತಿಯಾಗಿ ತೆಗೆದು ಮುಂದಕ್ಕೆ ಕೊಟ್ಟರೆ ಮುಂದಿನ ಹಿಡಿತ ಹೆಚ್ಚಿ ಹಿಂದಿನದು ಸಡಿಲವಾಗುತ್ತದೆ, ತುರ್ತಾಗಿ ಸ್ಟೀರಿಂಗ್ ತಿರುಗಿಸಿದಾಗ ವಾಹನದ ಹಿಂಭಾಗ ಹೊರಕ್ಕೆ ಜಾರಿ ಇಡೀ ಜೋಡಿ ಮಡಚಿಕೊಳ್ಳುವ ಸಂಭವ ಹೆಚ್ಚುತ್ತದೆ. 2008ರಲ್ಲಿ ಮೊದಲು ಪ್ರಕಟವಾದ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಎಂಬ ಎಳೆಯುವ ಸಾಮರ್ಥ್ಯದ ಮಾನದಂಡವು ಏರು ಹತ್ತುವ ಶಕ್ತಿಯ ಜೊತೆಗೆ ಇಂಥ ತಿರುವಿನ ವರ್ತನೆಯನ್ನೂ ಪರೀಕ್ಷೆಯ ಭಾಗವಾಗಿಸಿತು. ಇಂದು ಹಲವು ವಾಹನಗಳ ಕೈಪಿಡಿಗಳು ಕಳೆದುಹೋದ ಭಾರದ ಅರ್ಧದಷ್ಟನ್ನು ಮಾತ್ರ ಮರಳಿಸಲು ಹೇಳುತ್ತವೆ; ಕೆಲವು ಪೂರ್ತಿ ಮರಳಿಸಲು ಹೇಳುತ್ತವೆ; ಇನ್ನು ಕೆಲವು ವಾಹನಗಳಲ್ಲಿ ಈ ಹಿಚ್ಚನ್ನು ಬಳಸಲೇಬಾರದು. ಹಿಚ್‌ನ ಪೆಟ್ಟಿಗೆಯ ಮೇಲಿನ ಸಾಲಿಗಿಂತ ವಾಹನದ ಕೈಪಿಡಿಯ ಮಾತೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಖರೀದಿಗೆ ಮುನ್ನ ನೋಡಬೇಕಾದವು ಕೆಲವಿವೆ. ಬಾರ್‌ಗಳು ಬೇರೆಬೇರೆ ಬಿಗಿತದಲ್ಲಿ ಬರುತ್ತವೆ. ಟ್ರೇಲರಿನ ಮೂತಿಭಾರಕ್ಕೆ ವಾಹನದ ಹಿಂದಿನ ಆಕ್ಸಲ್‌ನ ಆಚೆಗೆ ಹೇರಿದ ಸಾಮಾನಿನ ತೂಕವನ್ನೂ ಕೂಡಿಸಿ, ಅದಕ್ಕೆ ಹತ್ತಿರದ ಬಿಗಿತವನ್ನು ಆಯ್ದುಕೊಳ್ಳಬೇಕು. ಹೆಚ್ಚು ಬಿಗಿಯಾದುದು ಸುರಕ್ಷಿತ ಎಂಬ ಎಣಿಕೆ ತಪ್ಪು, ಏಕೆಂದರೆ ಬಾಗದ ಬಾರ್ ರಸ್ತೆಯ ಪ್ರತಿ ಕುಲುಕಾಟವನ್ನೂ ಟ್ರೇಲರಿನ ಚೌಕಟ್ಟಿಗೆ ನೇರವಾಗಿ ತಲುಪಿಸುತ್ತದೆ. ರಿಸೀವರ್‌ನ ಮೇಲಿನ ಚೀಟಿಯಲ್ಲಿ ಭಾರ ಹಂಚಿಕೆ ಇಲ್ಲದಾಗಿನ ಮಿತಿ ಮತ್ತು ಇದ್ದಾಗಿನ ಮಿತಿ ಎಂದು ಎರಡು ಸಂಖ್ಯೆಗಳು ಇರುವುದುಂಟು. ಟ್ರೇಲರಿನ ನೂಕುಬಲದಿಂದಲೇ ಕೆಲಸ ಮಾಡುವ ಬ್ರೇಕ್ ವ್ಯವಸ್ಥೆ ಇದ್ದರೆ ಅದರ ಜಾರುವ ಭಾಗವನ್ನು ಬಾರ್‌ಗಳ ಬಿಗಿತ ಹಿಡಿದುಬಿಡಬಹುದಾದ್ದರಿಂದ, ಎರಡೂ ಒಟ್ಟಿಗೆ ಹೊಂದುತ್ತವೆಯೇ ಎಂದು ತಯಾರಕರಿಂದ ತಿಳಿದುಕೊಳ್ಳಬೇಕು. ಗುಂಡಿನ ಅಳತೆಯಲ್ಲಂತೂ ಅಂದಾಜು ಸಲ್ಲದು. 2 ಇಂಚಿನ ಗುಂಡು 2 5/16 ಇಂಚಿನ ಕಪ್ಲರ್‌ನೊಳಗೆ (ಗುಂಡನ್ನು ಹಿಡಿಯುವ ಟ್ರೇಲರಿನ ಮೂತಿಯ ಬಟ್ಟಲಿನೊಳಗೆ) ಕೂತು ಚಿಲಕ ಬಿದ್ದಂತೆ ಕಂಡರೂ ಒಂದು ದೊಡ್ಡ ಕುಳಿಗೆ ಇಳಿದಾಗ ಹೊರಕ್ಕೆ ನೆಗೆಯಬಲ್ಲದು.

ಜೋಡಣೆಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಪ್ರಯಾಣಕ್ಕೆ ಹೇಗೋ ಹಾಗೆಯೇ ಸಾಮಾನು, ನೀರು, ಇಂಧನ ಎಲ್ಲವನ್ನೂ ತುಂಬಿಕೊಂಡು, ಟೈರುಗಳಿಗೆ ಸರಿಯಾದ ಗಾಳಿ ಹಾಕಿಕೊಂಡು ಮಾಡಬೇಕು. ಖಾಲಿ ಟ್ರೇಲರಿಗೆ ಮಾಡಿದ ಹೊಂದಾಣಿಕೆ ತುಂಬಿದ ಟ್ರೇಲರಿಗೆ ಸಲ್ಲುವುದಿಲ್ಲ. ಮೊದಲು ಟ್ರೇಲರನ್ನು ಮಟ್ಟಸವಾಗಿ ನಿಲ್ಲಿಸಿ ಕಪ್ಲರ್‌ನ ಎತ್ತರ ಅಳೆದು, ಗುಂಡನ್ನು ಅದಕ್ಕಿಂತ ತುಸು ಎತ್ತರದಲ್ಲಿ, ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸು ಹೆಚ್ಚಿಗೆ, ನಿಲ್ಲಿಸಲಾಗುತ್ತದೆ. ಭಾರ ಬಿದ್ದಾಗ ಅದು ತಗ್ಗಿ ಟ್ರೇಲರ್ ಮಟ್ಟಕ್ಕೆ ಬರುತ್ತದೆ. ದೊಡ್ಡ ಗುಂಡಿನ ನಟ್ಟಿಗೆ ಬೇಕಾದ ಬಿಗಿತ ಸುಮಾರು 600 ನ್ಯೂಟನ್ ಮೀಟರ್‌ವರೆಗೂ ಇರುತ್ತದೆ. ಮನೆಯ ಸಣ್ಣ ಸ್ಪ್ಯಾನರಿಗೆ ಅದು ನಿಲುಕದು, ಉದ್ದ ಹಿಡಿಯ ಟಾರ್ಕ್ ಸ್ಪ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸುವುದೇ ಲೇಸು.

ಬಿಗಿತದ ಪ್ರಮಾಣವನ್ನು ಎರಡು ಕಡೆ ತಿದ್ದಬಹುದು. ಹಿಚ್‌ನ ತಲೆಯನ್ನು ಹಿಂದಕ್ಕೆ ವಾಲಿಸಿದಷ್ಟೂ ಬಾರ್‌ಗಳ ಹಿಂತುದಿ ನೆಲದತ್ತ ಇಳಿಯುವುದರಿಂದ, ಸರಪಳಿಯ ಅದೇ ಕೊಂಡಿಗೆ ಸಿಕ್ಕಿಸಲು ಅವನ್ನು ಹೆಚ್ಚು ಬಾಗಿಸಬೇಕಾಗುತ್ತದೆ, ಹಂಚಿಕೆಯೂ ಹೆಚ್ಚುತ್ತದೆ. ಇದು ದಪ್ಪ ಹೊಂದಾಣಿಕೆ. ಸರಪಳಿಯ ಒಂದು ಕೊಂಡಿ ಮೇಲೆ ಅಥವಾ ಕೆಳಗೆ ಹಿಡಿಯುವುದು ಸೂಕ್ಷ್ಮ ಹೊಂದಾಣಿಕೆ. ಆದರೆ ಕೊಂಡಿಗಳನ್ನು ತೀರ ಕಡಿಮೆ ಮಾಡುತ್ತಾ ಹೋಗಬಾರದು, ಏಕೆಂದರೆ ತಿರುವಿನಲ್ಲಿ ಸರಪಳಿ ಓರೆಯಾಗಿ ತೂಗಲು ಉದ್ದ ಬೇಕು. ಬ್ರಾಕೆಟ್‌ಗೂ ಬಾರ್‌ಗೂ ನಡುವೆ ಕನಿಷ್ಠ ಐದು ಕೊಂಡಿಗಳಿರಲಿ ಎಂದು ಸರಪಳಿ ಮಾದರಿಯ ಕೆಲವು ತಯಾರಕರು ಹೇಳುವುದು ಇದಕ್ಕೇ. ಬಿಗಿದ ಮೇಲೆ ಬಾರ್‌ಗಳು ಟ್ರೇಲರಿನ ಚೌಕಟ್ಟಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಕಾಣಬೇಕು.

ಸಿಕ್ಕಿಸುವ ಕೆಲಸದಲ್ಲಿ ತೋಳ್ಬಲ ತೋರಿಸುವ ಅಗತ್ಯವೇ ಇಲ್ಲ. ಕಪ್ಲರ್ ಗುಂಡಿನ ಮೇಲೆ ಕೂತು ಚಿಲಕ ಹಾಕಿದ ನಂತರ, ಟ್ರೇಲರಿನ ಮೂತಿಯ ಜ್ಯಾಕನ್ನು ತಿರುಗಿಸಿ ಮೂತಿಯನ್ನೂ ಅದರ ಜೊತೆಗೇ ವಾಹನದ ಹಿಂಭಾಗವನ್ನೂ ಎತ್ತಬೇಕು. ಆಗ ಬಾರ್‌ಗಳ ಮೇಲಿನ ಒತ್ತಡ ಬಹುಪಾಲು ಇಳಿದು ಬ್ರಾಕೆಟ್ ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಪಿನ್ ಹಾಕಿ ಜ್ಯಾಕ್ ಇಳಿಸಿದಾಗ ಭಾರ ತಾನಾಗಿಯೇ ಬಾರ್‌ಗಳಿಗೆ ವರ್ಗವಾಗುತ್ತದೆ. ಬಿಚ್ಚುವಾಗಲೂ ಮೊದಲು ಜ್ಯಾಕ್ ಎತ್ತಿಯೇ ಬಿಚ್ಚಬೇಕು. ಹಿಂಭಾಗವನ್ನು ತಾನೇ ಮಟ್ಟಕ್ಕೆ ತರುವ ಏರ್ ಸಸ್ಪೆನ್ಷನ್ ಇರುವ ವಾಹನಗಳಲ್ಲಿ ಈ ಹೊತ್ತಿಗೆ ಅದನ್ನು ಯಾವ ಸ್ಥಿತಿಯಲ್ಲಿಡಬೇಕೆಂದು ಕೈಪಿಡಿ ನೋಡದಿದ್ದರೆ, ನಾವು ಮಾಡಿದ ಹೊಂದಾಣಿಕೆಯನ್ನು ಅದು ಸದ್ದಿಲ್ಲದೆ ಕೆಡಿಸಿಬಿಡುತ್ತದೆ.

ಫಲಿತಾಂಶವನ್ನು ಕಣ್ಣಳತೆಗೆ ಬಿಡದೆ ಟೇಪು ಹಿಡಿದು ನೋಡಬೇಕು. ಮುಂದಿನ ಚಕ್ರದ ನಡುಭಾಗದ ನೇರಕ್ಕೆ ನೆಲದಿಂದ ಮಡ್‌ಗಾರ್ಡ್‌ನ ಅಂಚಿಗೆ ಇರುವ ಎತ್ತರ ಟ್ರೇಲರ್ ಇಲ್ಲದಾಗ 900 ಮಿಲಿಮೀಟರ್, ಬಾರ್ ಇಲ್ಲದೆ ಜೋಡಿಸಿದಾಗ 930 ಎಂದರೆ ಮುಂಭಾಗ 30 ಮಿಲಿಮೀಟರ್ ಎದ್ದಿದೆ. ಅರ್ಧ ಮರಳಿಸಬೇಕಾದರೆ ಬಾರ್ ಬಿಗಿದ ಮೇಲೆ ಅಳತೆ 915ಕ್ಕೆ ಬರಬೇಕು, 900ಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಇಳಿಯಬಾರದು. ಇನ್ನೂ ನಂಬಿಕಸ್ತ ವಿಧಾನವೆಂದರೆ ವೇಬ್ರಿಡ್ಜ್. ವಾಹನವೊಂದೇ, ಬಾರ್ ಇಲ್ಲದ ಜೋಡಿ, ಬಾರ್ ಬಿಗಿದ ಜೋಡಿ ಎಂದು ಮೂರು ಸಲ, ಒಂದೊಂದು ಆಕ್ಸಲ್‌ನ ತೂಕವನ್ನೂ ಪ್ರತ್ಯೇಕವಾಗಿ ನೋಡಬೇಕು. ನಮ್ಮ ಉದಾಹರಣೆಯ ವಾಹನದ ಮುಂದಿನ ಆಕ್ಸಲ್ ಮೊದಲಿಗೆ 1,100 ಕಿಲೋ ಹೊರುತ್ತಿದ್ದರೆ ಎರಡನೆಯ ತೂಕದಲ್ಲಿ 980, ಅರ್ಧ ಮರಳಿಸಿದ ಮೂರನೆಯದರಲ್ಲಿ 1,040 ಕಾಣಬೇಕು. ಎರಡನೆಯ ಮತ್ತು ಮೂರನೆಯ ತೂಕಗಳಲ್ಲಿ ಎಲ್ಲ ಆಕ್ಸಲ್‌ಗಳ ಮೊತ್ತ ಒಂದೇ ಆಗಿರಬೇಕು. ಹಾಗಿಲ್ಲದಿದ್ದರೆ ಎಲ್ಲೋ ಒಂದು ಚಕ್ರ ತೂಕದ ಹಲಗೆಯ ಹೊರಗಿತ್ತೆಂದೇ ಅರ್ಥ.

ಓಡಿಸುವಾಗ ಗಮನಿಸಬೇಕಾದ ಮುಖ್ಯ ಸಂಗತಿ ತಗ್ಗುಗಳದ್ದು. ವಾಹನದ ಮೂತಿ ಮೇಲಕ್ಕೂ ಟ್ರೇಲರಿನ ಮೂತಿ ಕೆಳಕ್ಕೂ ಇರುವಂಥ ಆಳವಾದ ತಗ್ಗಿನಲ್ಲಿ, ಅಥವಾ ರಸ್ತೆಯಿಂದ ಕಡಿದಾದ ಏರಿನ ಅಂಗಳಕ್ಕೆ ಹತ್ತುವಾಗ, ಬಾರ್‌ಗಳು ಮಿತಿ ಮೀರಿ ಬಾಗುತ್ತವೆ. ಅಂಥಲ್ಲಿ ಅವನ್ನು ಮೊದಲೇ ಬಿಚ್ಚಿ, ನಿಧಾನವಾಗಿ ದಾಟುವುದು ಸರಿ. ಪ್ರತ್ಯೇಕವಾದ ಘರ್ಷಣೆಯ ದಂಡವಿದ್ದರೆ ರಿವರ್ಸ್ ಹೋಗುವ ಮುನ್ನ ಅದನ್ನು ತೆಗೆದಿಡಬೇಕು, ಇಲ್ಲವಾದರೆ ಬಿಗಿ ತಿರುವಿನಲ್ಲಿ ಅದು ಬಾಗಿಹೋಗುತ್ತದೆ.

ನಿರ್ವಹಣೆಯಲ್ಲಿ ಗ್ರೀಸಿನ ವಿಷಯವೇ ಹೆಚ್ಚು ಗೊಂದಲದ್ದು. ಬಾರ್‌ಗಳ ಮುಂತುದಿ ಹಿಚ್‌ನ ತಲೆಯೊಳಗೆ ತಿರುಗುವ ಗೂಡುಗಳಿಗೆ, ಹೆಚ್ಚಿನ ಮಾದರಿಗಳಲ್ಲಿ ಗುಂಡಿಗೂ, ಗ್ರೀಸ್ ಬೇಕು. ಆದರೆ ಘರ್ಷಣೆಯಿಂದಲೇ ಓಲಾಟ ತಡೆಯುವ ಮೇಲ್ಮೈಗಳಿಗೆ ಹಚ್ಚಿದರೆ ಆ ತಡೆ ಇಲ್ಲವಾಗುತ್ತದೆ. ಕಿರುಗುಟ್ಟುವ ಸದ್ದು ತಾಳಲಾರದೆ ಅಲ್ಲಿಗೂ ಗ್ರೀಸ್ ಬಳಿಯುವವರು ತಾವು ದುಡ್ಡು ಕೊಟ್ಟು ತಂದ ಸುರಕ್ಷತೆಯನ್ನು ತಾವೇ ಒರೆಸಿಹಾಕುತ್ತಾರೆ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಬಳಿಯುವುದೂ ಸರಿಯಲ್ಲ. ಅದರಲ್ಲಿ ಸೇರಿದ ಮರಳು ಉಕ್ಕನ್ನು ಉಜ್ಜಿ ಸವೆಸುವುದರಿಂದ, ಮೊದಲು ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು.

ಹೊಸ ಹಿಚ್‌ನ ಬೋಲ್ಟುಗಳು ಮೊದಲ ಪ್ರಯಾಣದಲ್ಲಿ ಕೂತುಕೊಂಡು ತುಸು ಸಡಿಲವಾಗುವುದರಿಂದ ಅವನ್ನು ಬೇಗನೆ ಮತ್ತೊಮ್ಮೆ ಟಾರ್ಕ್ ಸ್ಪ್ಯಾನರಿನಿಂದ ಪರೀಕ್ಷಿಸಬೇಕು. ಆ ಬಳಿಕ ಪ್ರತಿ ಪ್ರಯಾಣಕ್ಕೂ ಮುನ್ನ ಪಿನ್ ಮತ್ತು ಕ್ಲಿಪ್‌ಗಳು ಸ್ವಸ್ಥಾನದಲ್ಲಿವೆಯೇ, ಬ್ರಾಕೆಟ್‌ಗಳು ಚೌಕಟ್ಟಿನ ಮೇಲೆ ಜಾರಿವೆಯೇ ಎಂದು ಒಮ್ಮೆ ಕಣ್ಣಾಡಿಸಿದರೆ ಸಾಕು. ವೆಲ್ಡಿಂಗ್ ಇರುವ ಕಡೆ ಮಾತ್ರ ಟಾರ್ಚ್ ಹಿಡಿದು ನಿಧಾನವಾಗಿ ನೋಡಬೇಕು. ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಕೆಂಪು ತುಕ್ಕಿನ ಗೆರೆ ಕಂಡರೆ ಅದರಡಿಯಲ್ಲಿ ಬಿರುಕು ಇರುವ ಸಾಧ್ಯತೆ ಹೆಚ್ಚು. ಬಣ್ಣ ಕೆರೆದು ನೋಡಿ, ಬಿರುಕು ನಿಜವಾದರೆ ಆ ಭಾಗವನ್ನು ಬದಲಿಸಬೇಕೇ ಹೊರತು ಅದರ ಮೇಲೆಯೇ ಮತ್ತೆ ವೆಲ್ಡಿಂಗ್ ಮಾಡಿಸಬಾರದು. ಬಾಗಿದ ಆಕಾರದಲ್ಲೇ ಉಳಿದುಬಿಟ್ಟ ಬಾರ್‌ಗೂ ಇದೇ ನಿಯಮ. ವಾಹನ ಬದಲಾದಾಗ, ಬೇರೆ ಅಳತೆಯ ಟೈರು ಹಾಕಿಸಿದಾಗ, ಟ್ರೇಲರಿನ ಮುಂಭಾಗದ ನೀರಿನ ಟ್ಯಾಂಕು ಖಾಲಿಯಿಂದ ತುಂಬಿದ ಸ್ಥಿತಿಗೆ ಬಂದಾಗ ಮೂತಿಭಾರವಾಗಲಿ ಗುಂಡಿನ ಎತ್ತರವಾಗಲಿ ಮೊದಲಿನಂತಿರುವುದಿಲ್ಲ. ಆಗ ಮತ್ತೆ ಮುಂದಿನ ಚಕ್ರದ ಬಳಿ ಟೇಪು ಹಿಡಿದು ಅಳತೆ ತೆಗೆದುಕೊಳ್ಳಬೇಕು.