ಎಡಕ್ಕೊಬ್ಬ, ಬಲಕ್ಕೊಬ್ಬ: ಚೈನ್ ಲಿಂಕ್ ಬಿಸಿನೆಸ್ ಕಾನೂನು ದಾಟಿ ಬಂದ ದಾರಿ

16,821 ರೂಪಾಯಿ. ನೋಯ್ಡಾದ ಇ-ಬಿಜ್ ಎಂಬ ಕಂಪನಿಗೆ ‘ಜಾಯಿನ್’ ಆಗಲು ಕಟ್ಟಬೇಕಿದ್ದ ಹಣ ಇದು. ಕಟ್ಟಿದವರಿಗೆ ಆನ್‌ಲೈನ್‌ನಲ್ಲಿ ಕಲಿಯುವ ಕಂಪ್ಯೂಟರ್ ಕೋರ್ಸುಗಳ ಒಂದು ಪ್ಯಾಕೇಜ್ ಸಿಗುತ್ತಿತ್ತು. ಆದರೆ ಆಸೆ ಹುಟ್ಟಿಸಿದ್ದು ಕೋರ್ಸ್ ಅಲ್ಲ. ನೀನು ಜನರನ್ನು ಸೇರಿಸು, ಅವರು ಕಟ್ಟಿದ ಹಣದಲ್ಲಿ ನಿನಗೆ ಕಮಿಷನ್ ಬರುತ್ತದೆ, ಅವರು ಸೇರಿಸಿದವರಿಂದಲೂ ಬರುತ್ತದೆ ಎಂಬ ಮಾತು.

ಈ ಮೊತ್ತವನ್ನು ಸ್ವಲ್ಪ ಗಮನಿಸಿ. ಡಿಗ್ರಿ ಓದುವ ಹುಡುಗನೊಬ್ಬ ಸೆಮಿಸ್ಟರ್ ಫೀಸ್ ಅಂತ ಸುಳ್ಳು ಹೇಳಿ ಅಪ್ಪನ ಹತ್ತಿರ ಕೇಳಬಹುದಾದಷ್ಟು ಹಣ. ಅಮ್ಮನ ಓಲೆ ಅಡವಿಟ್ಟರೆ ಹುಟ್ಟುವಷ್ಟು. ಕಳೆದುಕೊಂಡರೆ ನಿದ್ದೆ ಕೆಡುವಷ್ಟು ದೊಡ್ಡದು, ಆದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಷ್ಟು ದೊಡ್ಡದಲ್ಲ. 2019ರ ಮಾರ್ಚ್‌ನಲ್ಲಿ ಹೈದರಾಬಾದ್‌ಗೆ ಸೇರಿದಂತಿರುವ ಸೈಬರಾಬಾದ್‌ನ ಪೊಲೀಸರು ಕಂಪನಿಯ ಮುಖ್ಯಸ್ಥರನ್ನು ಬಂಧಿಸಿದರು. ದೇಶದ ತುಂಬ ಸುಮಾರು 17 ಲಕ್ಷ ಸದಸ್ಯರು, 5,000 ಕೋಟಿ ರೂಪಾಯಿ ಎಂದು ಆಗ ಪೊಲೀಸರು ಲೆಕ್ಕ ಕೊಟ್ಟರು. ಸಿಕ್ಕಿಕೊಂಡವರಲ್ಲಿ ವಿದ್ಯಾರ್ಥಿಗಳು, ಕೆಲಸ ಹುಡುಕುತ್ತಿದ್ದ ಯುವಕರೇ ಜಾಸ್ತಿ.

ಇಂಥದ್ದನ್ನು ನಿಷೇಧಿಸುವ ಕಾನೂನು ನಮ್ಮಲ್ಲಿ 1978ರಿಂದಲೇ ಇದೆ. ಆ ಹುಡುಗರು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲಿನ ಮಾತು. ಹಾಗಿದ್ದರೂ ಇದು ಇಷ್ಟು ಕಾಲ ಹೇಗೆ ನಡೆಯಿತು? ಇದರ ಇತಿಹಾಸ ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಕಾನೂನು ಒಂದು ಬಾಗಿಲು ಮುಚ್ಚಿದಾಗಲೆಲ್ಲ, ಹಣ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮಧ್ಯೆ ಒಂದು ಹೊಸ ವಸ್ತು ಬಂದು ಕೂತಿದೆ.

ಮೊದಲಿಗೆ ವಸ್ತುವೇ ಇರಲಿಲ್ಲ. 1970ರ ದಶಕದಲ್ಲಿ ‘ಪ್ರೈಜ್ ಚಿಟ್’ ಎಂಬ ಸ್ಕೀಮುಗಳು ಊರೂರಿನಲ್ಲಿದ್ದವು. ತಿಂಗಳು ತಿಂಗಳು ಕಂತು ಕಟ್ಟಬೇಕು. ಪ್ರತಿ ತಿಂಗಳು ಡ್ರಾ. ಹೆಸರು ಬಂದವನಿಗೆ ಬಹುಮಾನ, ಮುಂದಿನ ಕಂತೂ ಮಾಫಿ. ಉಳಿದವರಿಗೆ ಕೊನೆಯಲ್ಲಿ ಅವರ ಹಣವೇ ವಾಪಸ್, ಬಹಳ ಸಲ ಬಡ್ಡಿಯೂ ಇಲ್ಲದೆ. ನಮ್ಮ ಬೀದಿಗಳಲ್ಲಿ ನಡೆಯುವ ಚೀಟಿಯಂಥದ್ದಲ್ಲ ಇದು. ಚೀಟಿಯಲ್ಲಿ ಎಲ್ಲ ಸದಸ್ಯರಿಗೂ ಒಂದೊಂದು ಸರದಿ ಇರುತ್ತದೆ, ಅದಕ್ಕೆ 1982ರ ಬೇರೆಯೇ ಕಾನೂನಿದೆ. ಪ್ರೈಜ್ ಚಿಟ್‌ನಲ್ಲಿ ನಿಜವಾಗಿ ಲಾಭವಾಗುತ್ತಿದ್ದುದು ನಡೆಸುವವನಿಗೆ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಜೇಮ್ಸ್ ರಾಜ್ ಅಧ್ಯಯನ ತಂಡ ಇವನ್ನು ಪೂರ್ತಿ ನಿಲ್ಲಿಸಬೇಕು ಎಂದು ಹೇಳಿತು. ಅದರ ಫಲವೇ 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಸ್ಕೀಮುಗಳ ನಿಷೇಧ ಕಾಯ್ದೆ.

ಈ ಕಾಯ್ದೆಯ ಎರಡು ಅಂಶ ಮುಂದಿನ ಕಥೆಗೆ ಬೇಕು. ಒಂದು, ಸದಸ್ಯರನ್ನು ಸೇರಿಸುವುದರ ಮೇಲೆ ನಿಂತಿರುವ ಸುಲಭ ಹಣದ ಯಾವುದೇ ಸ್ಕೀಮು ಅಪರಾಧ. ಎರಡು, ಅದನ್ನು ನಡೆಸುವುದು ಮಾತ್ರವಲ್ಲ, ಸದಸ್ಯನಾಗಿ ಸೇರುವುದೂ ಅಪರಾಧ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1978ರಲ್ಲಿ 5,000 ದೊಡ್ಡ ಹಣ. ಕೋಟಿಗಳಲ್ಲಿ ವ್ಯವಹಾರ ಮಾಡುವವನಿಗೆ ಅದು ಏನೂ ಅಲ್ಲ.

ಕಾಯ್ದೆಯ ಮೊದಲ ದೊಡ್ಡ ಪರೀಕ್ಷೆ 1982ರಲ್ಲಿ ಬಂತು. ಕೋಲ್ಕತ್ತಾದ ಸಂಚಯಿತಾ ಇನ್‌ವೆಸ್ಟ್‌ಮೆಂಟ್ಸ್ ಎಂಬ ಸಂಸ್ಥೆ ಠೇವಣಿಗೆ ವರ್ಷಕ್ಕೆ 48% ಬಡ್ಡಿ ಕೊಡುತ್ತಿತ್ತು. ಪೊಲೀಸರು ಇದೇ ಕಾಯ್ದೆಯಡಿ ಕೇಸು ಹಾಕಿದರು. ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ಬಡ್ಡಿ ಎಷ್ಟೇ ಅತಿಯಾಗಿರಲಿ, ಅದು ಹೊಸ ಸದಸ್ಯರನ್ನು ಸೇರಿಸುವುದರ ಮೇಲೆ ನಿಂತಿಲ್ಲ, ಹಾಗಾಗಿ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಕಾಯ್ದೆಯ ಜೀವ ಎಲ್ಲಿದೆ ಎಂಬುದು ಅಂದು ಸ್ಪಷ್ಟವಾಯಿತು. ಸದಸ್ಯರನ್ನು ಸೇರಿಸುವುದಕ್ಕೂ ಹಣಕ್ಕೂ ಇರುವ ನಂಟು ಕಾಣದಂತೆ ನೋಡಿಕೊಂಡರೆ ತಪ್ಪಿಸಿಕೊಳ್ಳಬಹುದು.

ಆ ನಂಟನ್ನು ಮರೆಮಾಡಲು ಸಾಮಾನು ಬೇಕು. ಸಾಮಾನಿನ ಮಾದರಿ ಬಂದದ್ದು ಅಮೆರಿಕದಿಂದ. ಗ್ರಾಹಕರ ಹಿತ ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಸದಸ್ಯರ ಮೂಲಕ ಸಾಮಾನು ಮಾರುವ ಆಮ್‌ವೇ ಕಂಪನಿ ಪಿರಮಿಡ್ ಸ್ಕೀಮ್ (ಹೊಸಬರು ಕಟ್ಟುವ ಹಣದಿಂದಲೇ ನಡೆಯುವ ಜಾಲ) ಅಲ್ಲ ಎಂದು 1979ರಲ್ಲಿ ತೀರ್ಮಾನಿಸಿತ್ತು. ಉಳಿದ ಸಾಮಾನನ್ನು ಕಂಪನಿ ವಾಪಸ್ ಕೊಳ್ಳಬೇಕು, ಸದಸ್ಯರು ನಿಜವಾದ ಗಿರಾಕಿಗಳಿಗೆ ಮಾರಬೇಕು ಎಂಬಂಥ ಅದರ ಒಳನಿಯಮಗಳು ಈ ತೀರ್ಮಾನಕ್ಕೆ ಕಾರಣ. ಇಂಥ ಬಹಳಷ್ಟು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗಳು ಇಂದಿಗೂ ಹಿಡಿದುಕೊಂಡಿರುವುದು ಅದೇ ಗೆರೆಯನ್ನು. ಆಮ್‌ವೇ 1998ರಲ್ಲಿ ಭಾರತದಲ್ಲಿ ವ್ಯಾಪಾರ ಶುರು ಮಾಡಿತು. 2007ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಅದರ ಸ್ಕೀಮು ಮೇಲ್ನೋಟಕ್ಕೆ 1978ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. 2022ರಲ್ಲಿ ಜಾರಿ ನಿರ್ದೇಶನಾಲಯ ಕಂಪನಿಯ 757 ಕೋಟಿ ರೂಪಾಯಿಯ ಆಸ್ತಿ ಜಪ್ತಿ ಮಾಡಿತು. ತಾನು ಕಾನೂನು ಪಾಲಿಸುತ್ತಿದ್ದೇನೆ ಎಂಬುದು ಕಂಪನಿಯ ಉತ್ತರ.

ಆಮ್‌ವೇಯಲ್ಲಿ ಸೋಪು, ವಿಟಮಿನ್ ಮಾತ್ರೆಯಾದರೂ ಮನೆಗೆ ಬರುತ್ತಿದ್ದವು. ಅದರ ಹಿಂದೆ ಬಂದ ಕೆಲವು ಸ್ಕೀಮುಗಳಲ್ಲಿ ಸಾಮಾನು ಬರೀ ನೆಪವಾಯಿತು. ಕ್ವೆಸ್ಟ್‌ನೆಟ್, ಆಮೇಲೆ ಕ್ಯೂನೆಟ್ ಎಂಬ ಹೆಸರಿನಲ್ಲಿ ಚಿನ್ನದ ನಾಣ್ಯ, ಕೈಗಡಿಯಾರ, ಪ್ರವಾಸದ ಪ್ಯಾಕೇಜ್, ನೀರಿಗೆ ಶಕ್ತಿ ತುಂಬುತ್ತದೆ ಎಂದು ಹೇಳಿ ಮಾರಿದ ಗಾಜಿನ ಬಿಲ್ಲೆ ಎಲ್ಲ ಬಂದವು. ಭಾರತದಲ್ಲಿ ಕ್ಯೂನೆಟ್‌ನ ವ್ಯಾಪಾರ ನೋಡಿಕೊಳ್ಳುತ್ತಿದ್ದ ವಿಹಾನ್ ಕಂಪನಿ ನಮ್ಮ ಬೆಂಗಳೂರಿನದ್ದೇ. 2013ರಲ್ಲಿ ಮುಂಬೈ, 2019ರಲ್ಲಿ ಸೈಬರಾಬಾದ್ ಪೊಲೀಸರು ಇದರ ಮೇಲೆ ದೊಡ್ಡ ತನಿಖೆ ನಡೆಸಿ ಹಲವರನ್ನು ಬಂಧಿಸಿದರು. ಇಲ್ಲೂ ಕಂಪನಿ ತನ್ನದು ಕಾನೂನುಬದ್ಧ ನೇರ ಮಾರಾಟ, ಅಂದರೆ ಅಂಗಡಿ ಇಲ್ಲದೆ ಸದಸ್ಯರ ಮೂಲಕ ಮಾರುವುದು, ಎನ್ನುತ್ತಲೇ ಬಂದಿದೆ. ಈ ಸಲ ಸಿಕ್ಕಿಕೊಂಡವರಲ್ಲಿ ಐಟಿ ಉದ್ಯೋಗಿಗಳೂ ಇದ್ದರು. ಓದಿದವರು ಮೋಸ ಹೋಗಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮೊದಲ ಸಂಬಳ ಬಂದ, ಸಾಲ ಸುಲಭವಾಗಿ ಸಿಗುವ ವಯಸ್ಸು ಈ ಜಾಲಕ್ಕೆ ಇನ್ನೂ ಅನುಕೂಲ.

2010-11ರಲ್ಲಿ ಸ್ಪೀಕ್ ಏಷ್ಯಾ ಬಂತು. ಮುಟ್ಟುವಂಥ ಸಾಮಾನೇ ಇಲ್ಲ. 11,000 ರೂಪಾಯಿ ಕಟ್ಟಿದರೆ ಆನ್‌ಲೈನ್ ಸರ್ವೆ ತುಂಬುವ ‘ಕೆಲಸ’, ವಾರಕ್ಕೆ 1,000 ರೂಪಾಯಿ ‘ಸಂಬಳ’. ಹೊಸಬರನ್ನು ಸೇರಿಸಿದರೆ ಬೇರೆ ಬೋನಸ್. ಇವರು ನಮ್ಮ ಗ್ರಾಹಕರು ಎಂದು ಕಂಪನಿ ಹೇಳಿಕೊಂಡಿದ್ದ ದೊಡ್ಡ ಸಂಸ್ಥೆಗಳು ನಮಗೂ ಇದಕ್ಕೂ ಸಂಬಂಧವಿಲ್ಲ ಎಂದ ಮೇಲೆ ಎಲ್ಲ ಕುಸಿಯಿತು. ಸುಮಾರು 24 ಲಕ್ಷ ಜನರ 2,276 ಕೋಟಿ ರೂಪಾಯಿ ಎಂದು ಮುಂಬೈ ಪೊಲೀಸರು ಲೆಕ್ಕ ಹಾಕಿದರು. ನಾಣ್ಯ ಹೋಗಿ ಸರ್ವೆ, ಸರ್ವೆ ಹೋಗಿ ಕೋರ್ಸ್. ಈಗ ಕೆಲವು ಕಡೆ ಕ್ರಿಪ್ಟೊ ಕಾಯಿನ್.

ಖಾಲಿ ಕಾಲು

ಒಳಗೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಯುವಕರು ಹೆಚ್ಚಾಗಿ ಬೀಳುವ ಸ್ಕೀಮುಗಳು ‘ಬೈನರಿ’. ನಿಮ್ಮ ಕೆಳಗೆ ಎರಡು ಕಾಲು, ಲೆಫ್ಟ್ ಮತ್ತು ರೈಟ್. ಎರಡೂ ಕಡೆ ಜೋಡಿಯಾದರೆ ಮಾತ್ರ ಕಮಿಷನ್. ನಿಮ್ಮನ್ನು ಸೇರಿಸಿದ ಅಪ್‌ಲೈನ್ ತನ್ನ ಜನರನ್ನು ನಿಮ್ಮ ಒಂದು ಕಾಲಿನಡಿ ಹಾಕುತ್ತಾ ಹೋಗುತ್ತಾನೆ. ಇದಕ್ಕೆ ‘ಪವರ್ ಲೆಗ್’ ಅಂತ ಹೆಸರು. “ನೋಡು, ಲೆಫ್ಟಲ್ಲಿ ಆಗಲೇ 40 ಜನ ಇದ್ದಾರೆ. ರೈಟ್ ಒಂದು ನೀನು ಕಟ್ಟು ಸಾಕು” ಎನ್ನುತ್ತಾನೆ. ಆ್ಯಪ್‌ನಲ್ಲಿ 40 ಹೆಸರು ಕಾಣುತ್ತವೆ. ರೈಟ್ ಖಾಲಿ ಇರುವವರೆಗೆ ಅವರಿಂದ ಒಂದು ಪೈಸೆಯೂ ಬರುವುದಿಲ್ಲ. ಕಣ್ಣೆದುರು ಇರುವ ಹಣ ಕೈಗೆ ಸಿಗದಿದ್ದಾಗ ಹುಡುಗ ಅಮ್ಮನ ಹೆಸರಿನಲ್ಲಿ ಇನ್ನೊಂದು ಐಡಿ ಹಾಕುತ್ತಾನೆ. ಆಮೇಲೆ ತಂಗಿಯ ಹೆಸರಿನಲ್ಲಿ. ಹೀಗೆ ಒಂದು ಕಂತಿನಲ್ಲಿ ಮುಗಿಯಬೇಕಿದ್ದ ನಷ್ಟ ಮೂರು ಕಂತಾಗುತ್ತದೆ.

ಲೆಕ್ಕವೂ ಸರಳ. ಪ್ರತಿಯೊಬ್ಬರೂ ಇಬ್ಬರನ್ನು ಸೇರಿಸುತ್ತಾರೆ ಎನ್ನೋಣ. ಯಾರೂ ಸೋಲುವುದಿಲ್ಲ, ಯಾರೂ ಬಿಟ್ಟು ಹೋಗುವುದಿಲ್ಲ. ಮೊದಲ ಸಾಲಿನಲ್ಲಿ ಒಬ್ಬ, ಎರಡನೆಯದರಲ್ಲಿ ಇಬ್ಬರು, ಮೂರನೆಯದರಲ್ಲಿ ನಾಲ್ವರು. ಹೀಗೆ 26ನೇ ಸಾಲು ತುಂಬುವ ಹೊತ್ತಿಗೆ ಒಟ್ಟು 6.71 ಕೋಟಿ ಜನ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ತೊಟ್ಟಿಲ ಕೂಸುಗಳೂ ಸೇರಿ. ಆ 6.71 ಕೋಟಿಯಲ್ಲಿ 3.36 ಕೋಟಿ ಜನ ಕೊನೆಯ ಸಾಲಿನಲ್ಲಿ ನಿಂತಿರುತ್ತಾರೆ, ಅವರ ಕೆಳಗೆ ಒಬ್ಬರೂ ಇಲ್ಲ. ಯಾವ ಸಾಲಿನಲ್ಲಿ ನಿಲ್ಲಿಸಿದರೂ ಹೀಗೇ: ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಟ್ಟಿದ ಹಣ ಕಳೆದುಕೊಂಡೇ ಇರುತ್ತಾರೆ. ಎಲ್ಲರೂ ಗೆದ್ದ ಲೆಕ್ಕವೇ ಹೀಗಿದ್ದರೆ, ನಿಜ ಜೀವನದ್ದು ಹೇಗಿರಬೇಕು ಯೋಚಿಸಿ. ಕೇರಳದಲ್ಲಿ ಲಾಟರಿ ಟಿಕೆಟ್ಟಿನ ನೆಪದಲ್ಲಿ ನಡೆದ ಇಂಥದ್ದೇ ಒಂದು ಸ್ಕೀಮಿನ ಆರೋಪಿಗಳು ಕೇಸು ಕೈಬಿಡಿ ಎಂದು ಕೇಳಿದಾಗ, ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಲಿಲ್ಲ. ಅದು ಗಣಿತದ ಪ್ರಕಾರವೇ ನಡೆಯಲು ಸಾಧ್ಯವಿಲ್ಲದ್ದು ಎಂಬ ಮಾತು ಆ ತೀರ್ಪಿನಲ್ಲೂ ಇದೆ.

ಆದರೆ ಸೆಮಿನಾರ್ ಹಾಲ್‌ನಲ್ಲಿ ಈ ಲೆಕ್ಕ ಯಾರೂ ಹೇಳುವುದಿಲ್ಲ. ಅಲ್ಲಿ ಸೋತವನಿಗೆ ಸಿಗುವ ಉತ್ತರ “ನೀನು ಸರಿಯಾಗಿ ಎಫರ್ಟ್ ಹಾಕಿಲ್ಲ” ಎಂಬುದು. ನನಗೆ ಎಲ್ಲಕ್ಕಿಂತ ಕ್ರೂರ ಅನಿಸುವುದು ಇದೇ. ಲೆಕ್ಕದ ತಪ್ಪನ್ನು 20 ವರ್ಷದ ಹುಡುಗ ತನ್ನ ಸ್ವಭಾವದ ತಪ್ಪು ಅಂದುಕೊಂಡು ಮನೆಗೆ ಹೋಗುತ್ತಾನೆ.

ಯುವಕರೇ ಯಾಕೆ? ಅವರ ಹತ್ತಿರ ಹಣ ಇಲ್ಲ, ಆದರೆ ಗೆಳೆಯರಿದ್ದಾರೆ. ಸೇರಿದ ದಿನವೇ ಫೋನಿನಲ್ಲಿರುವ ನೂರು ಹೆಸರು ಬರೆದುಕೊಡು ಎನ್ನುತ್ತಾರೆ. ಕಂಪನಿಯ ಹೆಸರು ಫೋನಲ್ಲಿ ಹೇಳಬೇಡ, ಸುಮ್ನೆ ಕರ್ಕೊಂಡು ಬಾ ಎನ್ನುತ್ತಾರೆ. ನನಗೂ ಅಂಥ ಕರೆ ಬಂದಿದೆ. ನಾಲ್ಕು ವರ್ಷ ಮಾತಾಡದ ಶಾಲೆಯ ಗೆಳೆಯ, “ಹೇಗಿದೀಯೋ, ಭಾನುವಾರ ಫ್ರೀ ಇದೀಯಾ?” ಅಂದ. ಅವನ ದನಿ ಕೇಳಿ ಖುಷಿಯಾಗಿತ್ತು. ಹೋಟೆಲ್ಲಿನ ಮೀಟಿಂಗ್ ಹಾಲ್‌ನಲ್ಲಿ ಟೈ ಕಟ್ಟಿಕೊಂಡು ನಿಂತ ಅವನನ್ನು ನೋಡಿದಾಗ ಆ ಖುಷಿ ಉಳಿಯಲಿಲ್ಲ. ಆಮೇಲೆ ಅವನು ಮತ್ತೆ ಕರೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಾನು ಮಾಡಬೇಕಿತ್ತು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ವೆಮ್ಮಾ ಎಂಬ ಕಂಪನಿ ಕಾಲೇಜು ಹುಡುಗರ ಮೂಲಕ ಎನರ್ಜಿ ಡ್ರಿಂಕ್ ಮಾರುತ್ತಿತ್ತು. ಸೇರಲು ಸುಮಾರು 600 ಡಾಲರ್, ಬೋನಸ್ ಬೇಕೆಂದರೆ ತಿಂಗಳಿಗೆ 150 ಡಾಲರ್ ಖರೀದಿ. 2015ರ ಆಗಸ್ಟ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದು ಪಿರಮಿಡ್ ಸ್ಕೀಮ್ ಎಂದು ಕೋರ್ಟಿಗೆ ಹೋಗಿ ನಿಲ್ಲಿಸಿತು.

ಭಾರತದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟಕ್ಕೆ ಮಾರ್ಗಸೂಚಿ ತಂದಿತು. ಅದು ಸಲಹೆಯಷ್ಟೇ, ಪಾಲಿಸಲೇಬೇಕು ಎಂದಿರಲಿಲ್ಲ. 2021ರ ಡಿಸೆಂಬರ್ 28ರಂದು ಗ್ರಾಹಕ ರಕ್ಷಣಾ ಕಾಯ್ದೆಯಡಿ ನಿಯಮಗಳೇ ಬಂದವು. ಪಿರಮಿಡ್ ಸ್ಕೀಮ್ ನಡೆಸುವಂತಿಲ್ಲ, ಅದಕ್ಕೆ ಜನರನ್ನು ಸೇರಿಸುವಂತಿಲ್ಲ ಎಂದು ಅಲ್ಲಿ ನೇರವಾಗಿ ಬರೆದಿದೆ. ಸೇರಲು ಶುಲ್ಕ ಕೇಳುವಂತಿಲ್ಲ. ಮಾರಾಟಗಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಬರುವಂತಿಲ್ಲ. ಈ ಸಾಲುಗಳನ್ನು ಓದಿದಾಗ ಸಮಾಧಾನವಾಯಿತು. ಆದರೆ ಈಗ ಮನೆಗೆ ಯಾರು ಬರುತ್ತಾರೆ? ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಹೊಸ ಬೈಕಿನ ಪಕ್ಕ ನಿಂತ ಹುಡುಗ ‘ಪಾರ್ಟ್ ಟೈಮ್ ಇನ್‌ಕಮ್ ಬೇಕಾದವರು ಡಿಎಂ ಮಾಡಿ’ ಎಂದು ಬರೆಯುತ್ತಾನೆ. ‘ಶುಲ್ಕ’ ಎಂಬ ಪದವೂ ಈಗ ಇಲ್ಲ. ‘ಮೊದಲ ಖರೀದಿ’ ಎನ್ನುತ್ತಾರೆ.

ದೂರು ಬರುವುದು ಕಡಿಮೆ. ಮೋಸ ಹೋದವನೇ ತನ್ನ ರೂಮ್‌ಮೇಟನ್ನೂ ಚಿಕ್ಕಪ್ಪನ ಮಗನನ್ನೂ ಸೇರಿಸಿರುತ್ತಾನೆ. ಯಾರ ಮೇಲೆ ದೂರು ಕೊಡಲಿ? ಸೇರಿದವನೂ ಅಪರಾಧಿ ಎನ್ನುವ 1978ರ ಕಾಯ್ದೆಯ ಆ ಸಾಲು ಇಲ್ಲಿ ನಿಜವಾಗಿ ಅಡ್ಡ ಬರುತ್ತದೆ. “ನೀನೂ ಒಳಗೆ ಹೋಗ್ತೀಯ” ಎಂದು ಅಪ್‌ಲೈನ್ ಹೆದರಿಸಲು ಅಷ್ಟು ಸಾಕು. ಕೆಳಗಿನ ಸಾಲಿನ ಹುಡುಗರಿಗೂ ಮೇಲೆ ಕೂತು ನಡೆಸಿದವರಿಗೂ ಕಾನೂನು ವ್ಯತ್ಯಾಸ ಮಾಡಲೇಬೇಕು ಎಂದು ನಾನು ನಂಬುತ್ತೇನೆ.

ದೂರು ಕೊಡಲು ದಾರಿಯಂತೂ ಇದೆ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬಹುದು. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ (CEN) ಪೊಲೀಸ್ ಠಾಣೆಗೂ ಹೋಗಬಹುದು. ಕಂಪನಿ ಹಣ ವಾಪಸ್ ಕೊಡುತ್ತಿಲ್ಲ ಎಂದರೆ ಗ್ರಾಹಕ ಸಹಾಯವಾಣಿ 1915. ವಾಟ್ಸಾಪ್ ಗ್ರೂಪಿನಿಂದ ಹೊರಬರುವ ಮೊದಲು ಪೇಮೆಂಟ್ ಸ್ಕ್ರೀನ್‌ಶಾಟ್, ವಾಯ್ಸ್ ಮೆಸೇಜ್, ಲೆಫ್ಟ್-ರೈಟ್ ತೋರಿಸುವ ಆ್ಯಪ್‌ನ ಪುಟ ಎಲ್ಲವನ್ನೂ ಉಳಿಸಿಕೊಳ್ಳಿ. ಹಣ ಬಂದದ್ದು ಸಾಮಾನು ಮಾರಿದ್ದಕ್ಕಲ್ಲ, ಜನರನ್ನು ಸೇರಿಸಿದ್ದಕ್ಕೆ ಎಂದು ತೋರಿಸಲು ಕೋರ್ಟಿಗೆ ಬೇಕಾಗುವುದು ಆ ಪುಟವೇ.